ಏಳು, ಹದಿನಾರು ಮತ್ತು ಸಮ

ಲೂಪ್‌ಗಳನ್ನು, ಅಂದರೆ ಮತ್ತೆ ಮತ್ತೆ ತಿರುಗಿ ಬರುವ ತುಣುಕುಗಳನ್ನು, ಜೋಡಿಸಿ ಸಂಗೀತ ಕಟ್ಟುವ ಅನೇಕ ಯಂತ್ರಗಳಲ್ಲೂ ತಂತ್ರಾಂಶಗಳಲ್ಲೂ ಒಂದು ಸುತ್ತಿಗೆ 16 ಸ್ಟೆಪ್‌ಗಳು, ಅಂದರೆ ಸಮಾನ ಕಾಲಭಾಗಗಳು, ಇರುವುದು ವಾಡಿಕೆ. ಪ್ರತಿ ಬಡಿತಕ್ಕೆ ನಾಲ್ಕು ಸ್ಟೆಪ್‌ಗಳಂತೆ ನಿಮಿಷಕ್ಕೆ 120 ಬಡಿತಗಳ ವೇಗದಲ್ಲಿ ಎಲ್ಲ ವಾದ್ಯಗಳೂ ಹೀಗೆ ತಿರುಗಿದರೆ, 2 ಸೆಕೆಂಡಿಗೊಮ್ಮೆ ಕೇಳಿದ್ದನ್ನೇ ಮತ್ತೆ ಕೇಳಬೇಕಾಗುತ್ತದೆ. ಡ್ರಮ್ಮನ್ನು 16ರಲ್ಲೇ ಉಳಿಸಿ ಬೇಸ್ ಲೂಪನ್ನು ಮಾತ್ರ 7 ಸ್ಟೆಪ್‌ಗೆ ಇಳಿಸಿದರೆ, ಎರಡೂ ಮತ್ತೆ ಒಟ್ಟಿಗೆ ಆರಂಭವಾಗುವುದು 112 ಸ್ಟೆಪ್‌ಗಳ ನಂತರ, ಅಂದರೆ 14 ಸೆಕೆಂಡಿಗೆ. ಇದಕ್ಕೆ 5ರ ಲೂಪೊಂದು ಸೇರಿದರೆ ಆ ಅವಧಿ 70 ಸೆಕೆಂಡಿಗೆ ಏರುತ್ತದೆ. 13ರದ್ದೂ ಸೇರಿದರೆ 15 ನಿಮಿಷ 10 ಸೆಕೆಂಡು. ಸಂಗೀತಗಾರ ಬರೆದದ್ದು ಒಟ್ಟು 41 ಸ್ಟೆಪ್‌ಗಳನ್ನು ಮಾತ್ರ.

ಇದು ಶಾಲೆಯಲ್ಲಿ ಕಲಿತ ಲ.ಸಾ.ಅ.ದ ಲೆಕ್ಕ. ಇಲ್ಲಿ ಲೂಪ್‌ನ ಉದ್ದಕ್ಕಿಂತ, ಉದ್ದಗಳ ನಡುವೆ ಸಾಮಾನ್ಯ ಅಪವರ್ತನ ಇಲ್ಲದಿರುವುದು ಮುಖ್ಯ: 8 ಮತ್ತು 12 ಸ್ಟೆಪ್‌ಗಳ ಲೂಪ್‌ಗಳು 24ಕ್ಕೇ ಕೂಡಿಬಿಡುತ್ತವೆ, 7 ಮತ್ತು 8ರವು 56ರವರೆಗೆ ಕೂಡುವುದಿಲ್ಲ. ಇಂಗ್ಲಿಷ್ ಸಂಗೀತಗಾರ ಬ್ರಿಯಾನ್ ಈನೋ 1978ರಲ್ಲಿ ಹೊರತಂದ, ವಿಮಾನ ನಿಲ್ದಾಣಗಳಿಗೆಂದು ರಚಿಸಿದ ಸಂಗೀತದಲ್ಲಿ, ಬೇರೆ ಬೇರೆ ಉದ್ದದ ಟೇಪ್ ಲೂಪ್‌ಗಳ ಮೇಲೆ ಹಾಡಿದ ಒಂಟಿ ಸ್ವರಗಳನ್ನಿಟ್ಟು ಇದೇ ಗುಣವನ್ನು ದುಡಿಸಿಕೊಂಡರು.

ಒಂದೇ ಕಾಲಾವಧಿಯನ್ನು ಒಬ್ಬರು ಮೂರಾಗಿ, ಇನ್ನೊಬ್ಬರು ನಾಲ್ಕಾಗಿ ಭಾಗಿಸುವುದು ಇದಕ್ಕಿಂತ ಭಿನ್ನ. ಅಲ್ಲಿ ಸುತ್ತು ಒಂದೇ, ನಡೆ ಎರಡು. ಅವಧಿಯನ್ನು 12 ಭಾಗ ಮಾಡಿ ನೋಡಿದರೆ ಎರಡೂ ಸೇರಿ ಆರು ಪೆಟ್ಟುಗಳು ಬೀಳುತ್ತವೆ, ಅವುಗಳ ನಡುವಿನ ಅಂತರಗಳು 3, 1, 2, 2, 1, 3. ಹಿಂದಿನಿಂದ ಓದಿದರೂ ಅದೇ ಸಾಲು! ಈ ಪೆಟ್ಟುಗಳನ್ನು ಸೆಕೆಂಡಿಗೆ ನೂರಾರು ಬಾರಿ ಬೀಳುವಷ್ಟು ವೇಗಗೊಳಿಸಿದರೆ ಲಯ ಕರಗಿ ಶ್ರುತಿಯಾಗುತ್ತದೆ; 4ಕ್ಕೆ 3ರ ಅನುಪಾತ ಷಡ್ಜ ಮತ್ತು ಶುದ್ಧ ಮಧ್ಯಮವಾಗಿ, 3ಕ್ಕೆ 2ರದ್ದು ಷಡ್ಜ ಮತ್ತು ಪಂಚಮವಾಗಿ ಕೇಳುತ್ತದೆ. ಲಯಕ್ಕೂ ಸ್ವರಕ್ಕೂ ನಡುವೆ ನಾವು ಎಳೆಯುವ ಗೆರೆ ಬಹುಮಟ್ಟಿಗೆ ನಮ್ಮ ಕಿವಿಯ ಮಿತಿಯಿಂದ ಹುಟ್ಟಿದ್ದೆಂಬುದು ನನಗೆ ಈ ವಿಷಯದಲ್ಲೆಲ್ಲ ಅತ್ಯಂತ ಬೆರಗಿನ ಸಂಗತಿ.

ಆದರೆ ಲೆಕ್ಕದಿಂದ ದೊರೆಯುವ ದೀರ್ಘತೆಯೇ ಸಂಗೀತವಲ್ಲ. ಹದಿನೈದು ನಿಮಿಷದ ಸುತ್ತನ್ನು ಯಾವ ಕೇಳುಗನೂ ಸುತ್ತೆಂದು ಗುರುತಿಸಲಾರ. ಎಲ್ಲ ಲೂಪ್‌ಗಳೂ ವಿಷಮವಾದರೆ ಯಾವುದು ಯಾವುದರಿಂದ ಸರಿಯುತ್ತಿದೆ ಎಂಬುದೂ ತಿಳಿಯದೆ ಕೇವಲ ಗೊಂದಲ ಉಳಿಯುತ್ತದೆ. ಹಾಗಾಗಿ ಒಂದು ಸರಳ ಬಡಿತವನ್ನು ಅಚಲವಾಗಿ ಇಟ್ಟುಕೊಂಡು, ಅದರ ಮೇಲೆ ಒಂದೆರಡನ್ನು ಮಾತ್ರ ಸರಿಯಗೊಡುವುದು ಮೇಲು. 7ರ ಲೂಪನ್ನು ನಾಲ್ಕು ಬಾರಿ ನುಡಿಸಿ, ಉಳಿದ 4 ಸ್ಟೆಪ್ ತುಂಬಿ, 32ಕ್ಕೆ ಮತ್ತೆ ಮೊದಲಿನಿಂದ ಹಿಡಿಯುವುದೂ ಉಂಟು. ಆದಿತಾಳದ ಒಂದು ಆವರ್ತನದ 32 ಮಾತ್ರೆಗಳಲ್ಲಿ 7 ಮಾತ್ರೆಗಳ ಸೊಲ್ಲುಕಟ್ಟನ್ನು (ಪೆಟ್ಟುಗಳ ಜೋಡಣೆಯನ್ನು) ಮೂರು ಬಾರಿ ನುಡಿಸಬಯಸುವ ಮೃದಂಗ ವಾದಕರು ಮೊದಲ 11 ಮಾತ್ರೆಗಳನ್ನು ಬೇರೆ ಸೊಲ್ಲುಗಳಿಂದ ತುಂಬಿ, ಉಳಿದ 21ರಲ್ಲಿ ಅದನ್ನು ಕೂರಿಸಿ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬರುತ್ತಾರೆ. ಯಂತ್ರದ ಲೂಪ್ ತಾನಾಗಿ ಕೂಡುವ ತನಕ ಕಾಯುತ್ತದೆ. ವಾದಕರು ಎಲ್ಲಿ ಕೂಡಬೇಕೆಂಬುದನ್ನು ಮೊದಲೇ ನಿರ್ಧರಿಸಿ ಅಲ್ಲಿಂದ ಹಿಂದಕ್ಕೆ ಎಣಿಸುತ್ತಾರೆ. ಲೂಪ್‌ಗಳೊಂದಿಗೆ ಪ್ರಯೋಗ ಮಾಡುವವರು ಈ ಎರಡನೆಯ ಕ್ರಮವನ್ನೂ ಪ್ರಯತ್ನಿಸಿ ನೋಡಬೇಕು.