ಪದ ಪರಿಚಯ: ಡಿಎಚ್‌ಸಿಪಿ ಲೀಸ್

ಪ್ರಿಂಟರ್ ಆನ್ ಇದೆ. ಹಸಿರು ದೀಪ ಉರಿಯುತ್ತಿದೆ. ಕಾಗದವೂ ಇದೆ, ಇಂಕೂ ಇದೆ. ಆದರೂ ಕಂಪ್ಯೂಟರ್ 'ಆಫ್‌ಲೈನ್' ಅನ್ನುತ್ತಿದೆ. ನಿನ್ನೆ ಸರಿಯಾಗೇ ಇತ್ತು, ನಾಳೆ ತಾನಾಗೇ ಸರಿಹೋದರೂ ಹೋಯಿತು. ಹತ್ತು ಜನ ಬಳಸುವ ನೆಟ್‌ವರ್ಕ್ ಪ್ರಿಂಟರ್ ಹೀಗೆ ಆಗಾಗ ಕೈಕೊಡುತ್ತಿದ್ದರೆ, ಡ್ರೈವರ್ (ಕಂಪ್ಯೂಟರಿನಲ್ಲಿ ಪ್ರಿಂಟರನ್ನು ನಡೆಸುವ ಸಾಫ್ಟ್‌ವೇರ್) ತೆಗೆದು ಮತ್ತೆ ಹಾಕುವ ಮೊದಲು ಒಂದು ಪದ ತಿಳಿದಿರಬೇಕು: ಡಿಎಚ್‌ಸಿಪಿ ಲೀಸ್.

ನೆಟ್‌ವರ್ಕಿಗೆ ಸೇರುವ ಪ್ರತಿ ಸಾಧನಕ್ಕೂ ಒಂದು ಐಪಿ ವಿಳಾಸ ಬೇಕು. 192.168.1.23 ಅನ್ನುವ ತರಹದ ನಂಬರು. ಇದನ್ನು ಸಾಮಾನ್ಯವಾಗಿ ರೂಟರೇ ಹಂಚುತ್ತದೆ. ಹಾಗೆ ಹಂಚುವ ಪದ್ಧತಿಯೇ ಡೈನಾಮಿಕ್ ಹೋಸ್ಟ್ ಕಾನ್ಫಿಗರೇಶನ್ ಪ್ರೋಟೋಕಾಲ್, ಚಿಕ್ಕದಾಗಿ ಡಿಎಚ್‌ಸಿಪಿ. ಇದರ ನಿಯಮಗಳು ಮೊದಲು ಬಂದದ್ದು 1993ರಲ್ಲಿ.

ಲೀಸ್ ಅಂದರೆ ಗುತ್ತಿಗೆ. ಅಂದರೆ ರೂಟರ್ ಆ ವಿಳಾಸವನ್ನು ಕಾಯಂ ಆಗಿ ಬರೆದುಕೊಡುವುದಿಲ್ಲ. ಒಂದು ಅವಧಿಗೆ ಮಾತ್ರ ಕೊಡುತ್ತದೆ, ಹಲವು ರೂಟರ್‌ಗಳಲ್ಲಿ ಅದು 24 ಗಂಟೆ. ಅವಧಿ ಅರ್ಧ ಕಳೆದಾಗ ಸಾಧನ ಮತ್ತೆ ಕೇಳುತ್ತದೆ: ಇದರಲ್ಲೇ ಇರಲಾ? ರೂಟರ್ ಹೂಂ ಅಂದರೆ ಲೆಕ್ಕ ಹೊಸದಾಗಿ ಶುರು. ಸದಾ ಆನ್ ಇರುವ ಪ್ರಿಂಟರ್ ಹೀಗೆ ಕೇಳಿಕೊಂಡೇ ತಿಂಗಳುಗಟ್ಟಲೆ ಒಂದೇ ವಿಳಾಸದಲ್ಲಿ ಇದ್ದುಬಿಡುತ್ತದೆ. ಆಫ್ ಮಾಡಿದರೆ? ಕೇಳುವವರೇ ಇಲ್ಲ. ಅವಧಿ ಮುಗಿದ ಮೇಲೆ ಆ ನಂಬರು ಬೇರೆಯವರಿಗೆ ಹೋಗಬಹುದು.

ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಪ್ರಿಂಟರ್ ಹೆಚ್ಚಾಗಿ ಸೋಮವಾರವೇ ತೊಂದರೆ ಕೊಡುತ್ತಿತ್ತು. ಎಲ್ಲ ಸೋಮವಾರವೂ ಅಲ್ಲ, ಅದೇ ತಲೆ ಕೆಡಿಸಿದ್ದು. ಕೊನೆಗೆ ಒಂದು ದಿನ ಪ್ರಿಂಟರ್‌ನ ಮೆನುವಿನಿಂದಲೇ ನೆಟ್‌ವರ್ಕ್ ವಿವರದ ಹಾಳೆ ತೆಗೆದೆ. ಅದರಲ್ಲಿ 192.168.1.31 ಅಂತಿತ್ತು. ಕಂಪ್ಯೂಟರಿನಲ್ಲಿ ಪ್ರಿಂಟರ್ ಪ್ರಾಪರ್ಟೀಸ್ ತೆರೆದು, ಪ್ರಿಂಟರಿನ ವಿಳಾಸ ಬರೆದಿಟ್ಟಿರುವ ಪೋರ್ಟ್ಸ್ ಅನ್ನುವಲ್ಲಿ ನೋಡಿದರೆ 192.168.1.23. ಅಲ್ಲಿಗೆ ವಿಷಯ ಗೊತ್ತಾಯಿತು. ಶನಿವಾರ, ಭಾನುವಾರ ಪ್ರಿಂಟರ್ ಆಫ್. ಅಷ್ಟರಲ್ಲಿ ಲೀಸ್ ಮುಗಿದಿದೆ. ಸೋಮವಾರ ಬೆಳಿಗ್ಗೆ ಯಾರದೋ ಫೋನು ಮೊದಲು ವೈಫೈ ಹಿಡಿದು ಆ 23ನ್ನು ತಗೊಂಡಿದೆ. ಕಂಪ್ಯೂಟರ್ ಮಾತ್ರ ಹಳೇ ಮನೆಯ ಬಾಗಿಲನ್ನೇ ತಟ್ಟುತ್ತಾ ನಿಂತಿತ್ತು.

ಹಾಗಾದರೆ ಕೆಲವು ಸೋಮವಾರ ಸರಿ ಇರುತ್ತಿದ್ದದ್ದು ಯಾಕೆ? ಅನೇಕ ರೂಟರ್‌ಗಳು ಹಳೇ ಸಾಧನವನ್ನು ನೆನಪಿಟ್ಟುಕೊಂಡು, ನಂಬರು ಖಾಲಿ ಇದ್ದರೆ ಅದನ್ನೇ ಮತ್ತೆ ಕೊಡುತ್ತವೆ. ಖಾಲಿ ಇಲ್ಲದ ದಿನ ಮಾತ್ರ ತೊಂದರೆ. ಇಂಥ ತೊಂದರೆ ಬಂದು ಹೋಗಿ ಮಾಡುವುದು ಇದಕ್ಕೇ.

ಇಲ್ಲಿ ಜಾಸ್ತಿ ಜನ ಎಡವುವ ಒಂದು ಜಾಗ ಇದೆ. ಪಿಂಗ್ ಮಾಡಿ, ಅಂದರೆ ಆ ಐಪಿ ವಿಳಾಸಕ್ಕೆ 'ಇದ್ದೀಯಾ?' ಅಂತ ಒಂದು ಸಂದೇಶ ಕಳಿಸಿ ನೋಡುತ್ತಾರೆ, ಉತ್ತರ ಬರುತ್ತದೆ, 'ಕನೆಕ್ಷನ್ ಸರಿ ಇದೆ' ಅಂತ ಡ್ರೈವರ್ ಕಡೆ ಹೊರಳುತ್ತಾರೆ. ಆದರೆ ಉತ್ತರ ಕೊಟ್ಟದ್ದು ಪ್ರಿಂಟರೇ ಅಂತ ಏನು ಗ್ಯಾರಂಟಿ? ಪ್ರಿಂಟರ್ ಆಫ್ ಮಾಡಿ, ಅದೇ ನಂಬರಿಗೆ ಇನ್ನೊಮ್ಮೆ ಪಿಂಗ್ ಮಾಡಿ. ಈಗಲೂ ಉತ್ತರ ಬಂದರೆ ಆ ವಿಳಾಸದಲ್ಲಿ ಬೇರೆ ಯಾರೋ ಇದ್ದಾರೆ. ಒಂದು ನಿಮಿಷದ ಕೆಲಸ, ಆದರೆ ಅರ್ಧ ದಿನ ಉಳಿಸುತ್ತದೆ.

ಪರಿಹಾರದ ಹೆಸರು ಡಿಎಚ್‌ಸಿಪಿ ರಿಸರ್ವೇಶನ್. ಪ್ರತಿ ನೆಟ್‌ವರ್ಕ್ ಸಾಧನಕ್ಕೂ ಮ್ಯಾಕ್ ಅಡ್ರೆಸ್ ಅಂತ 12 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಪ್ರಿಂಟರಿನದು ಅದೇ ವಿವರದ ಹಾಳೆಯಲ್ಲಿ ಸಿಗುತ್ತದೆ. ರೂಟರ್ ಸೆಟ್ಟಿಂಗ್ಸಿಗೆ ಹೋಗಿ, ಈ ಗುರುತಿನವರಿಗೆ ಯಾವಾಗಲೂ ಈ ನಂಬರೇ ಅಂತ ಕಟ್ಟಿಹಾಕಬೇಕು. ಕೇಬಲ್‌ಗೆ ಒಂದು, ವೈಫೈಗೆ ಇನ್ನೊಂದು ಮ್ಯಾಕ್ ಇರುವುದುಂಟು. ನೀವು ಬಳಸುತ್ತಿರುವುದನ್ನೇ ಹಾಕಿ.

ಕೆಲವರು ರೂಟರ್ ಮುಟ್ಟದೆ ಪ್ರಿಂಟರಿನಲ್ಲೇ ಸ್ಥಿರ ಐಪಿ ಕೊಡುತ್ತಾರೆ. ಅದೂ ನಡೆಯುತ್ತದೆ. ಆದರೆ ರೂಟರ್ ವಿಳಾಸದ ಕೊನೆಯ ಭಾಗವನ್ನು 100ರಿಂದ 200ರವರೆಗೆ ಹಂಚುತ್ತಿದ್ದರೆ ನೀವು 150 ಕೊಡಬೇಡಿ, 50 ಕೊಡಿ. ಇಲ್ಲದಿದ್ದರೆ ಒಂದೇ ನಂಬರಿಗೆ ಇಬ್ಬರಾಗುತ್ತಾರೆ, ಮೊದಲಿಗಿಂತ ಕಷ್ಟ. ನನ್ನ ಕೇಳಿದರೆ ರಿಸರ್ವೇಶನ್ನೇ ಒಳ್ಳೆಯದು. ಎಲ್ಲ ಲೆಕ್ಕ ಒಂದೇ ಕಡೆ ಇರುತ್ತದಲ್ವಾ?

ಹಾಳೆಯ ನಂಬರೂ ಪೋರ್ಟ್ ನಂಬರೂ ಒಂದೇ ಇದ್ದು, ಆದರೂ ಆಫ್‌ಲೈನ್ ಅಂದರೆ ಲೀಸ್ ಮೇಲೆ ಅನುಮಾನ ಬಿಡಿ. ವೈಫೈ ಸಿಗ್ನಲ್, ಪ್ರಿಂಟರಿನ ಸ್ಲೀಪ್ ಮೋಡ್ ನೋಡಿ. ವಿಂಡೋಸ್‌ನಲ್ಲಾದರೆ ಪೋರ್ಟ್ ಸೆಟ್ಟಿಂಗ್‌ನ 'ಎಸ್‌ಎನ್‌ಎಂಪಿ ಸ್ಟೇಟಸ್' ಟಿಕ್ ತೆಗೆದೂ ನೋಡಬಹುದು. ಕಂಪ್ಯೂಟರ್ ಪ್ರಿಂಟರಿಗೆ 'ಹೇಗಿದ್ದೀಯಾ?' ಅಂತ ಕೇಳುವ ವಿಧಾನ ಅದು. ಪ್ರಿಂಟರ್ ಆ ಪ್ರಶ್ನೆಗೆ ಉತ್ತರಿಸದಿದ್ದರೆ, ಚೆನ್ನಾಗಿದ್ದರೂ ಆಫ್‌ಲೈನ್ ಅಂತಲೇ ತೋರಿಸುತ್ತದೆ. ರಿಸರ್ವೇಶನ್ ಮಾಡಿದ ಮೇಲೆ ಪ್ರಿಂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ, ಪ್ರತಿ ಕಂಪ್ಯೂಟರಿನ ಪೋರ್ಟಿನಲ್ಲೂ ಹೊಸ ನಂಬರು ಹಾಕಿ. ಇದನ್ನು ಮರೆತರೆ ಕಂಪ್ಯೂಟರ್ ಇನ್ನೂ ಹಳೇ 23ನ್ನೇ ಹುಡುಕುತ್ತಿರುತ್ತದೆ.