ನೆಪೋಲಿಯನ್ ಕೂದಲಲ್ಲಿ ಸಿಕ್ಕ ಪಾಷಾಣ

1821ರ ಮೇ 6. ಅಟ್ಲಾಂಟಿಕ್ ಸಾಗರದ ನಡುವೆ ಸೇಂಟ್ ಹೆಲೆನಾ ದ್ವೀಪ. ಲಾಂಗ್‌ವುಡ್ ಎಂಬ ಮನೆಯ ಬಿಲಿಯರ್ಡ್ಸ್ ಮೇಜಿನ ಮೇಲೆ ನೆಪೋಲಿಯನ್ ಶವ ಮಲಗಿಸಿದ್ದಾರೆ. ಹಿಂದಿನ ಸಂಜೆಯಷ್ಟೇ ಪ್ರಾಣ ಹೋಗಿದೆ. ವಯಸ್ಸು 51. ಅವನದೇ ವೈದ್ಯ ಆಂಟೊಮಾರ್ಕಿ ಹೊಟ್ಟೆ ಕೊಯ್ಯುತ್ತಿದ್ದಾನೆ. ಪಕ್ಕದಲ್ಲಿ ನಿಂತು ನೋಡುತ್ತಿರುವವರು ಬ್ರಿಟಿಷ್ ವೈದ್ಯರು. ಅಂದರೆ ಸೆರೆಯಲ್ಲಿಟ್ಟವರ ಕಡೆಯವರು.

ಅನುಮಾನ ಹುಟ್ಟಲು ಇಷ್ಟು ಸಾಕಲ್ವಾ? ವಾಟರ್ಲೂನಲ್ಲಿ ಸೋತ ಮೇಲೆ, 1815ರಿಂದ ಅವನು ಆ ದ್ವೀಪದಲ್ಲಿ ಕೈದಿ. (ಅವನನ್ನು ಸೋಲಿಸಿದ ವೆಲ್ಲಿಂಗ್ಟನ್, 1799ರಲ್ಲಿ ಶ್ರೀರಂಗಪಟ್ಟಣಕ್ಕೆ ದಂಡೆತ್ತಿ ಬಂದಿದ್ದ ಅದೇ ಆರ್ಥರ್ ವೆಲ್ಲೆಸ್ಲಿ.) ಕೈದಿ ಅಲ್ಲೇ ಇದ್ದಾನಾ ಎಂದು ಒಬ್ಬ ಅಧಿಕಾರಿ ದಿನಕ್ಕೆರಡು ಸಲ ಕಣ್ಣಾರೆ ನೋಡಬೇಕಿತ್ತು. ಇಂಗ್ಲೆಂಡಿನ ಆಳುವವರು, ಅವರ ಬಾಡಿಗೆ ಕೊಲೆಗಾರ ಸೇರಿ ತನ್ನನ್ನು ಅಕಾಲದಲ್ಲಿ ಸಾಯಿಸುತ್ತಿದ್ದಾರೆ ಎಂದು ನೆಪೋಲಿಯನ್ನನೇ ಉಯಿಲಿನಲ್ಲಿ ಬರೆದಿಟ್ಟ. ಶತ್ರುವಿನ ಕೈಯಲ್ಲಿದ್ದವನು ಸತ್ತರೆ ಜನ ಕೇಳಿಯೇ ಕೇಳುತ್ತಾರೆ. ಕೇಳಬೇಕು ಕೂಡ. ಹಾಗೆ ಕೇಳಿದವರನ್ನೆಲ್ಲ ಹುಚ್ಚರೆಂದು ತಳ್ಳಿಹಾಕುವುದು ನನಗಂತೂ ಸರಿ ಕಾಣುವುದಿಲ್ಲ.

1840ರಲ್ಲಿ ಗೋರಿ ತೆಗೆದು ಶವವನ್ನು ಪ್ಯಾರಿಸ್‌ಗೆ ಸಾಗಿಸಿದರು. ಆಗಲೂ ಮುಖದ ಗುರುತು ಸಿಗುತ್ತಿತ್ತು. ಪಾಷಾಣ ತಿಂದ ದೇಹ, ಅದಕ್ಕೇ ಕೊಳೆತಿಲ್ಲ ಎಂದು ಮುಂದೆ ಕೆಲವರು ವಾದಿಸಿದರು. ಒಂದರೊಳಗೊಂದು ನಾಲ್ಕು ಪೆಟ್ಟಿಗೆ, ಅದರಲ್ಲೊಂದು ಸೀಸದ್ದು. ಗಾಳಿಯೇ ಆಡದಂತೆ ಮುಚ್ಚಿದ್ದರೆನ್ನುವುದು ಅವರ ಲೆಕ್ಕಕ್ಕೆ ಬರಲಿಲ್ಲ.

ದೊಡ್ಡ ಸದ್ದಾಗಿದ್ದು 1961ರಲ್ಲಿ. ಸ್ವೀಡನ್ನಿನ ಹಲ್ಲಿನ ಡಾಕ್ಟರ್ ಸ್ಟೆನ್ ಫೋರ್ಷುಫ್ವುಡ್, ನೆಪೋಲಿಯನ್ ಸೇವಕ ಮಾರ್ಶಾಂ ಬರೆದಿಟ್ಟ ನೆನಪುಗಳನ್ನು ಓದಿದ್ದ. ಅದರಲ್ಲಿದ್ದ ಕಾಯಿಲೆಯ ವಿವರ ಅವನಿಗೆ ಆರ್ಸೆನಿಕ್ ವಿಷದಂತೆ ಕಂಡಿತು. ನಮ್ಮ ಹಿರಿಯರು ಪಾಷಾಣ ಅನ್ನುತ್ತಿದ್ದ ವಸ್ತುವಿನ ಮೂಲ ಅದೇ. ಸಾಕ್ಷಿಗೆ ಕೂದಲಿತ್ತು, ದೊಡ್ಡವರ ಕೂದಲನ್ನು ನೆನಪಿಗಾಗಿ ಜೋಪಾನ ಮಾಡುವ ಕಾಲ ಅದು.

ಒಂದು ಎಳೆ ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಬೆಳೆಯುವಾಗ ರಕ್ತದಲ್ಲಿರುವ ಆರ್ಸೆನಿಕ್ ಒಂದಿಷ್ಟು ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಆ ಎಳೆಯನ್ನು ಅಣು ರಿಯಾಕ್ಟರಿನಲ್ಲಿಟ್ಟರೆ, ಆರ್ಸೆನಿಕ್ ಪರಮಾಣು ಒಂದು ನ್ಯೂಟ್ರಾನ್ ನುಂಗಿ ವಿಕಿರಣ ಸೂಸತೊಡಗುತ್ತದೆ. ಸುಮಾರು 26 ಗಂಟೆಗೊಮ್ಮೆ ಆ ವಿಕಿರಣ ಅರ್ಧಕ್ಕೆ ಇಳಿಯುತ್ತದೆ. ಆ ವಿಕಿರಣ ಅಳೆದರೆ ಎಷ್ಟು ಆರ್ಸೆನಿಕ್ ಇತ್ತೆಂದು ಗೊತ್ತಾಗುತ್ತದೆ. ಗ್ಲಾಸ್ಗೋದ ಹ್ಯಾಮಿಲ್ಟನ್ ಸ್ಮಿತ್ ಹೀಗೆ ಅಳೆದಾಗ ಮಾಮೂಲಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಸಿಕ್ಕಿತು. ದ್ವೀಪದಲ್ಲಿ ನೆಪೋಲಿಯನ್ ಜೊತೆಗಿದ್ದ ಮೊಂಥೊಲೋನ್ ವೈನಿನಲ್ಲಿ ವಿಷ ಬೆರೆಸಿದ ಎಂಬ ಕಥೆ ಬೆಳೆಯಿತು.

ಅಳತೆಯಲ್ಲಿ ಮೋಸವಿರಲಿಲ್ಲ. ಆದರೆ ಜಾಸ್ತಿ ಅಂದರೆ ಯಾರಿಗಿಂತ ಜಾಸ್ತಿ? ಹೋಲಿಸಿದ್ದು 20ನೇ ಶತಮಾನದವರ ಕೂದಲಿನ ಜೊತೆ. ನೆಪೋಲಿಯನ್ ಕಾಲದಲ್ಲಿ ಔಷಧಿಯಲ್ಲೂ ಬಣ್ಣದಲ್ಲೂ ಆರ್ಸೆನಿಕ್. ಲಾಂಗ್‌ವುಡ್ ಗೋಡೆಗೆ ಅಂಟಿಸಿದ್ದ ಕಾಗದದ ಒಂದು ಚೂರು 1980ರ ದಶಕದಲ್ಲಿ ಸಿಕ್ಕಾಗ, ಅದರಲ್ಲೂ ಅದೇ ಇತ್ತು.

2008ರಲ್ಲಿ ಇಟಲಿಯ ಭೌತವಿಜ್ಞಾನಿಗಳು ಪಾವಿಯಾದ ಪುಟ್ಟ ರಿಯಾಕ್ಟರಿನಲ್ಲಿ ಈ ಕೆಲಸವನ್ನು ಸರಿಯಾಗಿ ಮಾಡಿದರು. ಹುಟ್ಟಿದ ಕಾರ್ಸಿಕಾ ದ್ವೀಪದ ಹುಡುಗ ನೆಪೋಲಿಯನ್, ಮೊದಲ ಸಲ ಗಡಿಪಾರಾದ ಎಲ್ಬಾ ದ್ವೀಪದ ನೆಪೋಲಿಯನ್, ಸೇಂಟ್ ಹೆಲೆನಾದ ನೆಪೋಲಿಯನ್, ಹೆಂಡತಿ ಜೋಸೆಫೀನ್, ಮಗ, ಜೊತೆಗೆ ಈಗ ಬದುಕಿರುವ ಕೆಲವರು. ಎಲ್ಲರ ಕೂದಲೂ ಇತ್ತು. ಹಳಬರೆಲ್ಲರಲ್ಲೂ ಆರ್ಸೆನಿಕ್ ಇಂದಿನವರಿಗಿಂತ ಸುಮಾರು 100 ಪಟ್ಟು. ಹುಡುಗನಾಗಿದ್ದಾಗಲೂ ಸಾಯುವಾಗಲೂ ಹೆಚ್ಚೇನೂ ವ್ಯತ್ಯಾಸವಿಲ್ಲ.

ಹಾಗಾದರೆ ಕೊಂದಿದ್ದು ಯಾವುದು? ಆ ಬಿಲಿಯರ್ಡ್ಸ್ ಮೇಜಿನ ಮೇಲೆ ಕಂಡದ್ದೇ: ಜಠರದಲ್ಲಿ ಗಟ್ಟಿಯಾಗಿ ಬೆಳೆದ ದೊಡ್ಡ ಹುಣ್ಣು. ಅದು 10 ಸೆಂ.ಮೀ.ಗೂ ದೊಡ್ಡದು, ಬಹುಮಟ್ಟಿಗೆ ಕ್ಯಾನ್ಸರ್ ಎಂದು ಹಳೆಯ ವರದಿಗಳನ್ನು ಮತ್ತೆ ಓದಿದ ವೈದ್ಯರು 2007ರಲ್ಲಿ ಹೇಳಿದರು. ಕೊನೆಗಾಲದ ಪ್ಯಾಂಟುಗಳ ಸೊಂಟದ ಅಳತೆಯೂ ಅವನು ಸೊರಗಿದ್ದನ್ನೇ ತೋರಿಸುತ್ತದೆ.

ನೆಪೋಲಿಯನ್‌ಗೂ ಆ ಭಯವಿತ್ತು. ಅವನ ಅಪ್ಪ ಸತ್ತದ್ದೂ ಜಠರದ ಕ್ಯಾನ್ಸರಿನಿಂದಲೇ. ನಾನು ಸತ್ತ ಮೇಲೆ ನನ್ನ ಜಠರ ಚೆನ್ನಾಗಿ ನೋಡಿ, ಮಗನಿಗೆ ತಿಳಿಸಿ, ಅವನಾದರೂ ಉಳಿಯಲಿ ಎಂದು ಆಂಟೊಮಾರ್ಕಿಗೆ ಹೇಳಿದ್ದ. ಆ ಮಗ 1832ರಲ್ಲಿ, 21ನೇ ವಯಸ್ಸಿಗೆ, ಕ್ಷಯದಿಂದ ತೀರಿಕೊಂಡ. ಸೇಂಟ್ ಹೆಲೆನಾವನ್ನು ಕಂಡೇ ಇರದ ಆ ಹುಡುಗನ ಕೂದಲಲ್ಲೂ ಅಪ್ಪನ ಕೂದಲಲ್ಲಿದ್ದಷ್ಟೇ ಆರ್ಸೆನಿಕ್ ಇತ್ತು.