ಸಿನ್ನರ್, ಅಲ್ಕರಾಜ್ ಫೈನಲ್‌ನಲ್ಲೇ ಯಾಕೆ ಸಿಗುತ್ತಾರೆ? ಮೊದಲೇ ಹೊಂದಿಸಿರುತ್ತಾರಾ?

ಪ್ರಶ್ನೆ: ನಮ್ಮ ಮನೆಯಲ್ಲಿ ಎಲ್ಲರೂ ಟೆನಿಸ್ ನೋಡುತ್ತೇವೆ. ಇಟಲಿಯ ಸಿನ್ನರ್ ಮತ್ತು ಸ್ಪೇನ್‌ನ ಅಲ್ಕರಾಜ್ ಆಟ ಅಂದರೆ ವಾರದ ಮೊದಲೇ ಮಾತು ಶುರು. ಆದರೆ 2025ರಲ್ಲಿ ಇವರಿಬ್ಬರು ದೊಡ್ಡ ಟೂರ್ನಿಗಳಲ್ಲಿ ಸಿಕ್ಕಿದ್ದೆಲ್ಲ ಫೈನಲ್‌ನಲ್ಲೇ. ಒಂದು ಸಲವೂ ಸೆಮಿಯಲ್ಲಿ ಎದುರಾಗಲಿಲ್ಲ. ನಮ್ಮ ಮಾವ ಹೇಳುತ್ತಾರೆ, "ಇದೆಲ್ಲ ಟಿವಿಯವರು ಮೊದಲೇ ಹೊಂದಿಸಿದ್ದು, ಸುಮ್ನೆ ಕೂತು ನೋಡಿ" ಅಂತ. ನಿಜವಾ?
(ಓದುಗರು, ಕಾರವಾರ)

ಉತ್ತರ: ನಿಮ್ಮ ಮಾವ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಅಗ್ರ ಇಬ್ಬರು ಫೈನಲ್‌ಗಿಂತ ಮೊದಲು ಎದುರಾಗಬಾರದು ಎಂಬುದು ಟೂರ್ನಿಯ ನಿಯಮವೇ. ಎಲ್ಲರಿಗೂ ಗೊತ್ತಿರುವ ನಿಯಮ, ಟಿವಿಯವರ ಗುಟ್ಟೇನಿಲ್ಲ. ಆದರೆ ಆ ಇಬ್ಬರೂ ಫೈನಲ್‌ಗೆ ಬಂದೇ ಬರುವ ಹಾಗೆ ಮಾಡಲು ಯಾರಿಂದಲೂ ಆಗುವುದಿಲ್ಲ. ಅಲ್ಲಿಗೆ ಬರಲು ಒಬ್ಬೊಬ್ಬರೂ ಆರು ಪಂದ್ಯ ಗೆಲ್ಲಬೇಕು. 2025ರಲ್ಲಿ ಒಂದು ಫೈನಲ್ ಇನ್ನೇನು ಕೈತಪ್ಪುವುದರಲ್ಲಿತ್ತು. ಆ ಕತೆ ಮುಂದೆ ಹೇಳುತ್ತೇನೆ.

ನಿಯಮ ಯಾಕೆ ಬೇಕಾಯಿತು ಎನ್ನುವುದು ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ನೋಡಿರುತ್ತೀರಲ್ಲ? ಬಂದ ತಂಡಗಳ ಹೆಸರು ಬರೆದು ಚೀಟಿ ಎತ್ತುತ್ತಾರೆ. ಅಂಕೋಲಾದ ಜೋರು ತಂಡಕ್ಕೂ ಕುಮಟಾದ ಜೋರು ತಂಡಕ್ಕೂ ಮೊದಲ ಸುತ್ತಿನಲ್ಲೇ ಜೋಡಿ ಬಿದ್ದರೆ, ಆ ರಾತ್ರಿಯ ಒಳ್ಳೆಯ ಆಟ ಒಂಬತ್ತು ಗಂಟೆಗೇ ಮುಗಿದಂತೆ. ಫೈನಲ್ ಹೊತ್ತಿಗೆ ಅರ್ಧ ಜನ ಮನೆ ಸೇರಿರುತ್ತಾರೆ. ಹಾಗಂತ ಆಯೋಜಕರೇ ಕೈಯಾರೆ ತಂಡಗಳನ್ನು ಬೇರೆ ಬೇರೆ ಇಟ್ಟರೆ ಇನ್ನೊಂದು ತಕರಾರು: ತಮ್ಮೂರಿನ ತಂಡಕ್ಕೆ ಸುಲಭ ದಾರಿ ಮಾಡಿಕೊಟ್ಟರು ಅಂತ. ಟೆನಿಸ್‌ನಲ್ಲೂ ಇದೇ ಸಮಸ್ಯೆ ಇತ್ತು. ಬರೀ ಚೀಟಿ ಎತ್ತಿದರೆ ಒಳ್ಳೆಯವರು ಬೇಗ ಬೇಗ ಒಬ್ಬರನ್ನೊಬ್ಬರು ಹೊರಹಾಕಿಬಿಡುತ್ತಿದ್ದರು. ವಿಂಬಲ್ಡನ್‌ನಲ್ಲಿ ಆಟದ ಬಲ ನೋಡಿ ಶ್ರೇಯಾಂಕ (ಸೀಡಿಂಗ್, ಅಂದರೆ ಆ ಒಂದು ಟೂರ್ನಿಗೆ ಮಾತ್ರ ಕೊಡುವ ಕ್ರಮಸಂಖ್ಯೆ) ಕೊಡುವ ಪದ್ಧತಿ ಪೂರ್ತಿಯಾಗಿ ಬಂದದ್ದು 1927ರಲ್ಲಿ. ಈಗ ಆ ಶ್ರೇಯಾಂಕವನ್ನು ವಿಶ್ವ ರ‍್ಯಾಂಕಿಂಗ್ ನೋಡಿ ಕೊಡುತ್ತಾರೆ. ಯಾರ ಇಷ್ಟಕ್ಕೂ ಬಿಡುವುದಿಲ್ಲ.

ಈಗ ಡ್ರಾ, ಅಂದರೆ ಯಾರಿಗೆ ಯಾರು ಎದುರು ಎಂಬ ಪಟ್ಟಿ, ಹೇಗೆ ಆಗುತ್ತದೆ ನೋಡೋಣ. ಗ್ರ್ಯಾನ್‌ಸ್ಲಾಮ್ (ಆಸ್ಟ್ರೇಲಿಯನ್ ಓಪನ್, ಫ್ರೆಂಚ್ ಓಪನ್, ವಿಂಬಲ್ಡನ್, ಅಮೆರಿಕ ಓಪನ್ ಎಂಬ ನಾಲ್ಕು ದೊಡ್ಡ ಟೂರ್ನಿಗಳು) ಪುರುಷರ ಸಿಂಗಲ್ಸ್‌ನಲ್ಲಿ 128 ಜನ ಆಡುತ್ತಾರೆ. 104 ಜನರಿಗೆ ನೇರ ಪ್ರವೇಶ. 16 ಜನ ಅರ್ಹತಾ ಸುತ್ತು ಗೆದ್ದು ಬರುತ್ತಾರೆ. ಉಳಿದ 8 ವೈಲ್ಡ್‌ಕಾರ್ಡ್, ಅಂದರೆ ಆಯೋಜಕರೇ ಕರೆದು ಕೊಡುವ ಜಾಗ. ಒಟ್ಟು ಏಳು ಸುತ್ತು. ಇವರಲ್ಲಿ 32 ಜನರಿಗೆ ಮಾತ್ರ ಶ್ರೇಯಾಂಕ. ಒಂದನೇ ಶ್ರೇಯಾಂಕದವರ ಹೆಸರು ಪಟ್ಟಿಯ ಮೊದಲ ಸಾಲಿನಲ್ಲಿ, ಎರಡನೆಯವರ ಹೆಸರು ಕೊನೆಯ, ಅಂದರೆ 128ನೇ ಸಾಲಿನಲ್ಲಿ. ಪಟ್ಟಿಯನ್ನು ನಡುವೆ ಮಡಚಿದರೆ ಇಬ್ಬರೂ ಬೇರೆ ಬೇರೆ ಅರ್ಧದಲ್ಲಿರುತ್ತಾರೆ. ಎರಡು ಅರ್ಧಗಳು ಕೂಡುವುದು ಫೈನಲ್‌ನಲ್ಲಿ ಮಾತ್ರ. ನಿಮ್ಮ ಮನೆಯ ಚರ್ಚೆಗೆ ಉತ್ತರ ಇಷ್ಟೇ.

ಅದೃಷ್ಟದ ಆಟ ಶುರುವಾಗುವುದು ಮೂರನೇ ಶ್ರೇಯಾಂಕದಿಂದ. ಮೂರು ಮತ್ತು ನಾಲ್ಕನೆಯವರಲ್ಲಿ ಯಾರು ಮೇಲಿನ ಅರ್ಧಕ್ಕೆ, ಯಾರು ಕೆಳಗಿನ ಅರ್ಧಕ್ಕೆ ಎಂಬುದನ್ನು ಚೀಟಿ ಎತ್ತಿಯೇ ನಿರ್ಧರಿಸುತ್ತಾರೆ. ಐದರಿಂದ ಎಂಟನೆಯವರು ಕಾಲು ಭಾಗಕ್ಕೆ ಒಬ್ಬರಂತೆ ಹಂಚಿಹೋಗುತ್ತಾರೆ. ಉಳಿದ ಶ್ರೇಯಾಂಕದವರಿಗೂ ಹೀಗೇ ಗುಂಪುಗಳಿವೆ. ಶ್ರೇಯಾಂಕ ಇಲ್ಲದ 96 ಜನರ ಜಾಗ ಪೂರ್ತಿ ಅದೃಷ್ಟದ ಮೇಲೆ. ಇದೆಲ್ಲ ಟೂರ್ನಿಗೆ ಎರಡು ಮೂರು ದಿನ ಮೊದಲು, ಎಲ್ಲರ ಎದುರು ನಡೆಯುತ್ತದೆ.

ಹಾಗಾದರೆ ಸಿನ್ನರ್ ಮತ್ತು ಅಲ್ಕರಾಜ್ ಮೊದಲಿನಿಂದಲೂ ಫೈನಲ್‌ನಲ್ಲೇ ಸಿಗುತ್ತಿದ್ದರಾ? ಖಂಡಿತ ಇಲ್ಲ. 2022ರ ವಿಂಬಲ್ಡನ್‌ನಲ್ಲಿ ಅಲ್ಕರಾಜ್‌ಗೆ ಐದನೇ ಶ್ರೇಯಾಂಕ, ಸಿನ್ನರ್‌ಗೆ ಹತ್ತನೆಯದು. ನಾಲ್ಕನೇ ಸುತ್ತಿನಲ್ಲೇ ಎದುರಾದರು, ಸಿನ್ನರ್ ಗೆದ್ದರು. ಅದೇ ವರ್ಷ ಅಮೆರಿಕ ಓಪನ್‌ನಲ್ಲಿ ಮೂರು ಮತ್ತು ಹನ್ನೊಂದು. ಎಂಟರ ಘಟ್ಟದಲ್ಲಿ ಸಿಕ್ಕಿದರು. ಆ ಪಂದ್ಯ 5 ಗಂಟೆ 15 ನಿಮಿಷ ನಡೆದು, ನ್ಯೂಯಾರ್ಕ್‌ನ ನಡುರಾತ್ರಿ 2.50ಕ್ಕೆ ಮುಗಿಯಿತು. ಸೋಲು ಒಂದೇ ಪಾಯಿಂಟ್ ದೂರ ಇದ್ದಾಗ ಬಚಾವಾದ ಅಲ್ಕರಾಜ್ ಕೊನೆಗೆ ಐದು ಸೆಟ್‌ಗಳಲ್ಲಿ ಗೆದ್ದರು. 2024ರ ಫ್ರೆಂಚ್ ಓಪನ್‌ನಲ್ಲಿ ಸಿನ್ನರ್ ಎರಡು, ಅಲ್ಕರಾಜ್ ಮೂರು. ಚೀಟಿ ಒಂದೇ ಅರ್ಧಕ್ಕೆ ಬಿತ್ತು, ಸೆಮಿಯಲ್ಲಿ ಭೇಟಿ. ಮತ್ತೆ ಐದು ಸೆಟ್, ಮತ್ತೆ ಅಲ್ಕರಾಜ್. ಇಬ್ಬರ ರ‍್ಯಾಂಕಿಂಗ್ ಮೇಲೇರಿದಂತೆ ಅವರ ಭೇಟಿಯೂ ಒಂದೊಂದೇ ಸುತ್ತು ಮುಂದಕ್ಕೆ ಹೋಗುತ್ತಾ ಬಂತು.

2025ರ ಪ್ಯಾರಿಸ್ ಫೈನಲ್ (ಫ್ರೆಂಚ್ ಓಪನ್ ನಡೆಯುವುದು ಅಲ್ಲೇ) ಬಗ್ಗೆ ನಾನು ಎಲ್ಲರಿಗೂ ಒಂದು ಮಾತು ಹೇಳುತ್ತೇನೆ: ಅದರ ಅಡಿಪಾಯ ಬಿದ್ದದ್ದು ರೋಮ್‌ನಲ್ಲಿ. ಮೇ ತಿಂಗಳಲ್ಲಿ ರೋಮ್ ಟೂರ್ನಿ ಶುರುವಾದಾಗ ಅಲ್ಕರಾಜ್ ಮೂರನೇ ರ‍್ಯಾಂಕ್‌ನಲ್ಲಿದ್ದರು. ಎರಡನೇ ರ‍್ಯಾಂಕ್ ಜರ್ಮನಿಯ ಅಲೆಕ್ಸಾಂಡರ್ ಜ್ವೆರೆವ್ ಅವರದು. ರ‍್ಯಾಂಕಿಂಗ್‌ನಲ್ಲಿ ಕಳೆದ 52 ವಾರಗಳ ಪಾಯಿಂಟ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ಜ್ವೆರೆವ್ 2024ರಲ್ಲಿ ರೋಮ್ ಗೆದ್ದಿದ್ದರು. 2025ರಲ್ಲಿ ಎಂಟರ ಘಟ್ಟದಲ್ಲೇ ಸೋತರು. ಹಳೆಯ ಪಾಯಿಂಟ್ ಹೋಯಿತು, ಹೊಸದು ಅಷ್ಟು ಸಿಗಲಿಲ್ಲ. ಅಲ್ಕರಾಜ್ ಫೈನಲ್‌ನಲ್ಲಿ ಸಿನ್ನರ್ ಅವರನ್ನೇ ಸೋಲಿಸಿ ಟ್ರೋಫಿ ಎತ್ತಿದರು, ಎರಡನೇ ರ‍್ಯಾಂಕ್‌ಗೆ ಬಂದರು. ಅದರ ಬೆನ್ನಿಗೇ ಪ್ಯಾರಿಸ್ ಡ್ರಾ ಆಯಿತು. ಮೂರನೇ ಶ್ರೇಯಾಂಕದ ಜ್ವೆರೆವ್ ಬಿದ್ದದ್ದು ಸಿನ್ನರ್ ಇದ್ದ ಅರ್ಧಕ್ಕೆ! ಅಲ್ಕರಾಜ್ ಮೂರನೆಯವರಾಗಿಯೇ ಉಳಿದಿದ್ದರೆ ಆ ಜಾಗ ಅವರದ್ದಾಗುವ ಸಾಧ್ಯತೆ ಅರ್ಧಕ್ಕರ್ಧ ಇತ್ತು. ಆಗ ನಾವು ಆ ಪಂದ್ಯವನ್ನು ಶುಕ್ರವಾರ ಸೆಮಿಯಲ್ಲೇ ನೋಡುತ್ತಿದ್ದೆವು, ಭಾನುವಾರ ಅಲ್ಲ.

ಆ ಭಾನುವಾರ, ಜೂನ್ 8, ಏನಾಯಿತು ಎಂದು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಸಿನ್ನರ್ ಒಂದೂ ಸೆಟ್ ಬಿಟ್ಟುಕೊಡದೆ ಫೈನಲ್‌ಗೆ ಬಂದಿದ್ದರು. ಫೈನಲ್‌ನ ಮೊದಲೆರಡು ಸೆಟ್ ಕೂಡ ಅವರದೇ. ನಾಲ್ಕನೇ ಸೆಟ್‌ನಲ್ಲಿ 5-3 ಮುಂದಿದ್ದರು. ಅಲ್ಕರಾಜ್ ಸರ್ವ್‌ನಲ್ಲಿ 0-40. ಅಂದರೆ ಕಪ್‌ಗೆ ಮೂರು ಅವಕಾಶ. ಮೂರನ್ನೂ ಅಲ್ಕರಾಜ್ ತಡೆದರು. ಆ ಸೆಟ್ ಟೈಬ್ರೇಕರ್‌ನಲ್ಲಿ ಗೆದ್ದು, ಐದನೆಯದನ್ನೂ ಹತ್ತು ಪಾಯಿಂಟ್‌ಗಳ ಟೈಬ್ರೇಕರ್‌ನಲ್ಲಿ 10-2ರಿಂದ ಗೆದ್ದರು. 5 ಗಂಟೆ 29 ನಿಮಿಷ. ಫ್ರೆಂಚ್ ಓಪನ್ ಇತಿಹಾಸದಲ್ಲೇ ಅತಿ ದೀರ್ಘ ಫೈನಲ್. ಅಷ್ಟು ದೊಡ್ಡ ಪಂದ್ಯ ಸೋತು ಐದೇ ವಾರಕ್ಕೆ ಸಿನ್ನರ್ ವಿಂಬಲ್ಡನ್‌ನಲ್ಲಿ ಅದೇ ಅಲ್ಕರಾಜ್ ಎದುರು ಮೊದಲ ಸೆಟ್ ಕಳೆದುಕೊಂಡು ಮುಂದಿನ ಮೂರನ್ನೂ 6-4, 6-4, 6-4ರಿಂದ ಗೆದ್ದರು. ವಿಂಬಲ್ಡನ್ ಸಿಂಗಲ್ಸ್ ಗೆದ್ದ ಮೊದಲ ಇಟಲಿಯವರು ಅವರೇ. ಸೋತ ಪಂದ್ಯವನ್ನು ಹೊತ್ತುಕೊಂಡು ಮತ್ತೆ ಅದೇ ಎದುರಾಳಿಯ ಮುಂದೆ ನಿಲ್ಲುವುದು ಸಣ್ಣ ಮಾತಲ್ಲ. ನನ್ನ ಮಟ್ಟಿಗೆ ಈ ಜೋಡಿಯ ಅತಿ ದೊಡ್ಡ ಗೆಲುವು ಅದು. ಸೆಪ್ಟೆಂಬರ್‌ನ ಅಮೆರಿಕ ಓಪನ್ ಮತ್ತೆ ಅಲ್ಕರಾಜ್‌ಗೆ ಹೋಯಿತು, ಒಂದನೇ ರ‍್ಯಾಂಕ್ ಸಮೇತ. ಓಪನ್ ಯುಗದಲ್ಲಿ (1968ರಿಂದ ಈಚೆಗೆ) ಒಂದೇ ವರ್ಷ ಮೂರು ಗ್ರ್ಯಾನ್‌ಸ್ಲಾಮ್ ಫೈನಲ್‌ನಲ್ಲಿ ಅದೇ ಇಬ್ಬರು ಪುರುಷರು ಆಡಿದ್ದು ಅದೇ ಮೊದಲು.

ಈಗ ಕೈತಪ್ಪುವುದರಲ್ಲಿದ್ದ ಫೈನಲ್ ಕತೆ. ನಿಮ್ಮ ಮಾವನಿಗೆ ಇದನ್ನು ಓದಿ ಹೇಳಿ. ಅದೇ ವಿಂಬಲ್ಡನ್‌ನ ನಾಲ್ಕನೇ ಸುತ್ತಿನಲ್ಲಿ ಸಿನ್ನರ್ ಎದುರು ಬಲ್ಗೇರಿಯಾದ ಗ್ರಿಗೊರ್ ಡಿಮಿಟ್ರೊವ್ ಇದ್ದರು. ಅವರು ಮೊದಲೆರಡು ಸೆಟ್ 6-3, 7-5ರಿಂದ ಗೆದ್ದರು. ಮೂರನೆಯದು 2-2. ಸರ್ವ್ ಮಾಡುವಾಗ ಡಿಮಿಟ್ರೊವ್ ಎದೆಯ ಸ್ನಾಯು ಹಿಡಿದುಕೊಂಡು ಕೆಳಗೆ ಕೂತರು. ಆಡಲು ಆಗಲಿಲ್ಲ, ಪಂದ್ಯ ಬಿಟ್ಟುಕೊಟ್ಟರು. ಅವರ ಕಣ್ಣಲ್ಲಿ ನೀರಿತ್ತು. ಡಿಮಿಟ್ರೊವ್ ಬ್ಯಾಗನ್ನು ಸಿನ್ನರ್ ತಾವೇ ಹೊತ್ತು ಅವರನ್ನು ಅಂಕಣದಿಂದ ಆಚೆ ಬಿಟ್ಟು ಬಂದರು. ಆ ಗಾಯ ಆಗದಿದ್ದರೆ ಸಿನ್ನರ್ ಅಂದೇ ಮನೆಗೆ ಹೋಗುವ ಸಾಧ್ಯತೆ ಜಾಸ್ತಿ ಇತ್ತು. ಇನ್ನೊಂದು ಅರ್ಧದಲ್ಲಿ ಅಲ್ಕರಾಜ್ ಮೊದಲ ಸುತ್ತಿನಲ್ಲೇ ಫ್ಯಾಬಿಯೊ ಫೊನಿನಿ ಎದುರು ಐದು ಸೆಟ್, 4 ಗಂಟೆ 37 ನಿಮಿಷ ಆಡಬೇಕಾಯಿತು. ಇಂಥದ್ದನ್ನು ಯಾವ ಟಿವಿಯವರು ಹೊಂದಿಸಿಯಾರು?

ಇನ್ನೂ ಸಂಶಯ ಇದ್ದರೆ 2021ರ ಅಮೆರಿಕ ಓಪನ್ ಮಹಿಳೆಯರ ಫೈನಲ್ ನೆನಪಿಸಿ. ಎಮ್ಮಾ ರಾಡುಕಾನು ಮತ್ತು ಲೇಲಾ ಫರ್ನಾಂಡಿಸ್. ಇಬ್ಬರಿಗೂ ಶ್ರೇಯಾಂಕ ಇರಲಿಲ್ಲ. ರಾಡುಕಾನು ಅರ್ಹತಾ ಸುತ್ತಿನಿಂದ ಬಂದು ಕಪ್ ಗೆದ್ದ ಹುಡುಗಿ. ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ 2024ರ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗಲೂ ಹಾಗೇ. ಇವರು ಎರಡನೇ ಶ್ರೇಯಾಂಕದವರು. ನಿಯಮದ ಪ್ರಕಾರ ಒಂದನೇ ಶ್ರೇಯಾಂಕದ ಜೋಡಿ ಫೈನಲ್‌ನಲ್ಲಿ ಸಿಗಬಹುದಿತ್ತು. ಸಿಕ್ಕಿದ್ದು ಶ್ರೇಯಾಂಕವೇ ಇಲ್ಲದ ಇಟಲಿಯ ಜೋಡಿ. ಫೆಡರರ್ ಮತ್ತು ನಡಾಲ್ ವರ್ಷಗಟ್ಟಲೆ ಅಗ್ರ ಎರಡು ಸ್ಥಾನಗಳಲ್ಲಿದ್ದರು. ಆದರೂ ಅಮೆರಿಕ ಓಪನ್‌ನಲ್ಲಿ ಒಂದು ಸಲವೂ ಎದುರಾಗಲಿಲ್ಲ. ಜನ ಪ್ರತಿ ವರ್ಷ ಕಾದರು. ಒಬ್ಬರು ಬಂದರೆ ಇನ್ನೊಬ್ಬರು ಮೊದಲೇ ಸೋತಿರುತ್ತಿದ್ದರು.

ಹಾಗಂತ ಶ್ರೇಯಾಂಕದ ಪದ್ಧತಿಯಲ್ಲಿ ಎಲ್ಲವೂ ಸರಿ ಇದೆ ಎಂದು ನಾನು ಹೇಳುವುದಿಲ್ಲ. ವಿಂಬಲ್ಡನ್‌ಗೆ ಬಹಳ ವರ್ಷ ತನ್ನದೇ ಲೆಕ್ಕ ಇತ್ತು. ಹುಲ್ಲಿನಂಕಣದಲ್ಲಿ ಚೆನ್ನಾಗಿ ಆಡಿದವರಿಗೆ ಪುರುಷರ ವಿಭಾಗದಲ್ಲಿ ಹೆಚ್ಚು ತೂಕ. ಅದರಿಂದ 2019ರಲ್ಲಿ ಎರಡನೇ ರ‍್ಯಾಂಕಿನ ನಡಾಲ್ ಮೂರನೇ ಶ್ರೇಯಾಂಕಕ್ಕೆ ಇಳಿದರು, ಮೂರನೇ ರ‍್ಯಾಂಕಿನ ಫೆಡರರ್ ಎರಡಕ್ಕೆ ಏರಿದರು. ಚೀಟಿ ಇಬ್ಬರನ್ನೂ ಒಂದೇ ಅರ್ಧಕ್ಕೆ ಹಾಕಿತು, ಸೆಮಿಯಲ್ಲಿ ಆಡಿದರು. 2021ರಿಂದ ಆ ಲೆಕ್ಕ ಇಲ್ಲ. ಒಳ್ಳೆಯದೇ ಆಯಿತು. ನನಗಿರುವ ತಕರಾರು ಬೇರೆ. 2001ಕ್ಕಿಂತ ಮೊದಲು 16 ಜನರಿಗೆ ಮಾತ್ರ ಶ್ರೇಯಾಂಕ ಇತ್ತು, ಆಮೇಲೆ 32 ಮಾಡಿದರು. ಇದರಿಂದ ದೊಡ್ಡ ಆಟಗಾರರಿಗೆ ಮೊದಲೆರಡು ಸುತ್ತಿನಲ್ಲಿ ಶ್ರೇಯಾಂಕದವರು ಯಾರೂ ಎದುರಾಗುವುದಿಲ್ಲ. ಮೊದಲ ವಾರದ ಬಿಸಿ ಕಡಿಮೆಯಾಗಿದೆ. ಮತ್ತೆ 16ಕ್ಕೆ ಇಳಿಸುವ ಮಾತು 2017ರಲ್ಲಿ ಬಂದು, ಆಮೇಲೆ ಕೈಬಿಟ್ಟರು. ಇಳಿಸಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಅಗ್ರ ಇಬ್ಬರನ್ನು ಬೇರೆ ಇಡಲು 16 ಸಾಕು, ಅಲ್ವಾ?

ಮುಂದಿನ ಸಲ ಡ್ರಾ ಬಂದಾಗ ನೀವೇ ಪಟ್ಟಿ ನೋಡಿ. ನಿಮ್ಮ ಇಷ್ಟದ ಇಬ್ಬರು ಒಂದು ಮತ್ತು ಎರಡು ಆಗಿದ್ದರೆ ಫೈನಲ್ ಬಿಟ್ಟು ಬೇರೆಲ್ಲೂ ಸಿಗುವುದಿಲ್ಲ. ಒಬ್ಬರು ಮೂರು ಅಥವಾ ನಾಲ್ಕಾಗಿದ್ದರೆ ಸೆಮಿಯಲ್ಲೂ ಸಿಗಬಹುದು. ಐದಕ್ಕೆ ಇಳಿದಿದ್ದರೆ ಎಂಟರ ಘಟ್ಟದಲ್ಲೂ ಸಿಗಬಹುದು. 2025ರ ಫ್ರೆಂಚ್ ಓಪನ್ ಮಹಿಳೆಯರ ವಿಭಾಗದಲ್ಲಿ ಒಂದನೇ ಶ್ರೇಯಾಂಕದ ಸಬಲೆಂಕಾ ಮತ್ತು ಇಗಾ ಶ್ವಾಂಟೆಕ್ ಸೆಮಿಯಲ್ಲೇ ಆಡಿದ್ದು ಶ್ವಾಂಟೆಕ್ ಐದಕ್ಕೆ ಇಳಿದಿದ್ದರಿಂದ.

ಫೈನಲ್ ದಿನಕ್ಕೆ ನಮ್ಮ ಗಡಿಯಾರದ ಲೆಕ್ಕ ಹೀಗೆ. ಪುರುಷರ ಫೈನಲ್ ಆಸ್ಟ್ರೇಲಿಯಾದಲ್ಲಾದರೆ ಮಧ್ಯಾಹ್ನ 2ಕ್ಕೆ, ಪ್ಯಾರಿಸ್‌ನಲ್ಲಾದರೆ ಸಂಜೆ 6.30ಕ್ಕೆ. ವಿಂಬಲ್ಡನ್ 2025ರಿಂದ ರಾತ್ರಿ 8.30ಕ್ಕೆ. ಅಮೆರಿಕ ಓಪನ್ ರಾತ್ರಿ 11.30ಕ್ಕೆ. ಪ್ಯಾರಿಸ್ ಮತ್ತು ವಿಂಬಲ್ಡನ್ ನಮ್ಮ ಮಳೆಗಾಲದಲ್ಲೇ ಬರುತ್ತವೆ. ಕರಾವಳಿಯಲ್ಲಾಗಲಿ ಶಿರಸಿ ಕಡೆಯಾಗಲಿ ಜೋರು ಗಾಳಿಮಳೆ ಬಂದರೆ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲು ಬರುವುದಿಲ್ಲ. ಇನ್ವರ್ಟರ್‌ಗೆ ಚಾರ್ಜ್ ಇದೆಯಾ ನೋಡಿಕೊಳ್ಳಿ, ಮೊಬೈಲ್ ಪೂರ್ತಿ ಚಾರ್ಜ್ ಮಾಡಿಟ್ಟುಕೊಳ್ಳಿ. ಊಟ ಆಟ ಶುರುವಾಗುವ ಮೊದಲೇ ಮುಗಿಸಿಬಿಡಿ. 2025ರ ಪ್ಯಾರಿಸ್ ಫೈನಲ್ ಮುಗಿಯುವಾಗ ಇಲ್ಲಿ ನಡುರಾತ್ರಿ ದಾಟಿತ್ತು.